ಪದ-ಪದಾರ್ಥ: ದಂಡೆಯ ಮೇಲೆ ನಿಂತವನು



ದಾವಣಗೆರೆಯ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಭಾನುವಾರಗಳಂದು ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ, "ಅವ್ವಾ, ನಾನಿಲ್ಲಿ ಗಾಂಗೂಜ್ಲರ್ ಆಗಿದ್ದೇನೆ" ಎಂದು ನಕ್ಕನಂತೆ. ಮನೆಯಲ್ಲಿದ್ದ ನಿಘಂಟಿನಲ್ಲಿ ಆ ಪದ ಸಿಗಲಿಲ್ಲ. "ಇದು ಒಳ್ಳೆಯ ಮಾತೋ ಕೆಟ್ಟ ಮಾತೋ ತಿಳಿಯದೆ ಮನಸ್ಸಿಗೆ ಸಮಾಧಾನವಿಲ್ಲ, ದಯವಿಟ್ಟು ಬಿಡಿಸಿ ಹೇಳಬೇಕು" ಎಂಬುದು ಆ ತಾಯಿಯ ಕೋರಿಕೆ.

ಮೊದಲು ಸಮಾಧಾನದ ಮಾತನ್ನು ಹೇಳಿಬಿಡುತ್ತೇನೆ. ತಾಯಿ, ನಿಮ್ಮ ಮಗ ದಾರಿ ತಪ್ಪಿಲ್ಲ. ಕಾಲುವೆಯ ದಂಡೆಯ ಮೇಲೆ ನಿಂತಿದ್ದಾನೆ, ಅಷ್ಟೆ. ಆದರೆ ದಂಡೆಯ ಮೇಲೆ ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ನಿಮ್ಮ ಪ್ರಶ್ನೆ ಸಾಮಾನ್ಯವಾದುದಲ್ಲ. ಅದಕ್ಕೆ ಉತ್ತರಿಸಬೇಕಾದರೆ ಆ ಪದ ಹುಟ್ಟಿದ ನೀರಿನವರೆಗೆ ಹೋಗಿ ಬರಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಮೋಟಾರು ರಸ್ತೆಗಳೂ ರೈಲುಗಳೂ ಇಲ್ಲದಿದ್ದ ಕಾಲದಲ್ಲಿ ಭಾರವಾದ ಸರಕನ್ನು ಸಾಗಿಸುವುದು ದುಸ್ತರವಾಗಿತ್ತು. ಬ್ರಿಜ್‌ವಾಟರ್ ಎಂಬ ಡ್ಯೂಕನು ವರ್ಸ್ಲಿಯಲ್ಲಿದ್ದ ತನ್ನ ಕಲ್ಲಿದ್ದಲ ಗಣಿಗಳಿಂದ ಮ್ಯಾಂಚೆಸ್ಟರ್ ನಗರದ ಕಡೆಗೆ ಕಾಲುವೆಯನ್ನು ತೋಡಿಸಿದನು. ಹೆಚ್ಚಿನ ಶಾಲಾಶಿಕ್ಷಣವಿಲ್ಲದ ಜೇಮ್ಸ್ ಬ್ರಿಂಡ್ಲಿ ಎಂಬ ಕುಶಲಕರ್ಮಿ ಆ ಕೆಲಸದ ಪ್ರಧಾನ ಶಿಲ್ಪಿ. ಆತನು ಬಾರ್ಟನ್ ಎಂಬಲ್ಲಿ ಇರ್ವೆಲ್ ನದಿಯ ಮೇಲೆ ಕಲ್ಲಿನ ಕಮಾನುಗಳನ್ನು ಕಟ್ಟಿ, ಅದರ ಮೇಲೆ ಕಾಲುವೆಯನ್ನೇ ಹರಿಸಿದನು. ೧೭೬೧ರಲ್ಲಿ ಅದು ತೆರೆದಾಗ ಕೆಳಗೆ ನದಿಯ ದೋಣಿ, ಮೇಲೆ ಕಾಲುವೆಯ ದೋಣಿ. ಈ ವಿಚಿತ್ರವನ್ನು ನೋಡಲು ಜನ ದೂರದೂರದಿಂದ ಬಂದರು. ಹೀಗೆ ಆ ದೇಶದ ಕಾಲುವೆಯ ಯುಗದ ಜೊತೆಜೊತೆಗೇ ಕಾಲುವೆಯ ನೋಡುಗನೂ ಹುಟ್ಟಿದನು. ಆದರೆ ಅವನಿಗೆ ಹೆಸರು ಬಂದುದು ಬಹಳ ತಡವಾಗಿ.

೧೯೦೪ರಲ್ಲಿ ಹೆನ್ರಿ ರೊಡಾಲ್ಫ್ ಡಿ ಸಾಲಿಸ್ ಎಂಬಾತನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಕಾಲುವೆಗಳನ್ನೂ ದೋಣಿ ಸಾಗುವ ನದಿಗಳನ್ನೂ ಕುರಿತ ಒಂದು ಕೈಪಿಡಿಯನ್ನು ಪ್ರಕಟಿಸಿದನು. ರೈಲುಗಳ ವೇಳಾಪಟ್ಟಿಯಿಂದ ಮನೆಮಾತಾಗಿದ್ದ ಬ್ರಾಡ್‌ಷಾ ಎಂಬ ಹೆಸರಿನಲ್ಲಿಯೇ ಅದು ಹೊರಬಂದಿತು. ಡಿ ಸಾಲಿಸನು ಕಾಲುವೆಯ ಸಾಗಣೆ ನಡೆಸುತ್ತಿದ್ದ ದೊಡ್ಡ ಕಂಪನಿಯೊಂದರ ನಿರ್ದೇಶಕನಾಗಿದ್ದವನು. ಜಲಮಾರ್ಗಗಳಲ್ಲಿ ತಾನೇ ಸಂಚರಿಸಿ ಕಂಡು ಬರೆದವನು. ಆ ಕೈಪಿಡಿಯಲ್ಲಿ ದೋಣಿಗಾರರ ಪದಗಳ ಒಂದು ಪಟ್ಟಿಯಿದೆ. ಅದರಲ್ಲಿ ಗಾಂಗೂಜ್ಲರ್ ಎಂಬುದಕ್ಕೆ ಅರ್ಥವನ್ನು ಕೊಟ್ಟಿದೆ. ಕೆಲಸವಿಲ್ಲದವನೂ ಕುತೂಹಲ ಮಿತಿಮೀರಿದವನೂ ಆಗಿ, ಅಪರೂಪದ್ದೇನಾದರೂ ಕಂಡರೆ ಬಹಳ ಹೊತ್ತು ಅದನ್ನೇ ದಿಟ್ಟಿಸುತ್ತ ನಿಂತುಬಿಡುವವನು ಎಂಬುದು ಅದರ ತಾತ್ಪರ್ಯ. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ, ಬಾಯಿ ಬಿಟ್ಟುಕೊಂಡು ನೋಡುವವನು.

ಇನ್ನು ವ್ಯುತ್ಪತ್ತಿಯ ಮಾತು. ಇಂಗ್ಲೆಂಡಿನ ವಾಯವ್ಯದಲ್ಲಿರುವ ಸರೋವರಗಳ ಸೀಮೆಯಲ್ಲಿ ಈ ಪದ ಹುಟ್ಟಿತೆಂದು ನಂಬಿಕೆಯಿರುವುದಾಗಿ ಡಿ ಸಾಲಿಸನು ಹೇಳಿದ್ದಾನೆ. ಅನಂತರದವರು ಪೂರ್ವದ ಲಿಂಕನ್‌ಷೈರಿನ ಹಳ್ಳಿಮಾತಿನ ಕಡೆಗೆ ಬೆರಳು ತೋರುತ್ತಾರೆ. ಅಲ್ಲಿ ಗಾನ್ ಎಂದರೂ ಗೂಜ್ ಎಂದರೂ ಬೆಕ್ಕಸಬೆರಗಾಗಿ ದಿಟ್ಟಿಸುವುದೆಂದೇ ಅರ್ಥ. ಎರಡೂ ಕೂಡಿ ಗಾಂಗೂಜ್ಲರ್ ಆಗಿರಬೇಕೆಂಬುದು ಇಂದು ಹೆಚ್ಚು ಜನ ಒಪ್ಪುವ ಊಹೆ. ಹಾಗಾದರೆ ಇದು ನೋಡಿದ್ದನ್ನೇ ನೋಡುವವನು ಎಂಬ ಜೋಡಿಮಾತು. ನಮ್ಮಲ್ಲಿ ಪಿಳಿಪಿಳಿ, ಮಿಕಮಿಕ ಎಂದು ಎರಡು ಸಲ ಹೇಳಿ ನೋಟವನ್ನು ಚಿತ್ರಿಸುವಂತೆ. ಶಬ್ದದ ಮೂಲವನ್ನು ಕುರಿತು ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿದ್ದಾಗ ಅವೆರಡನ್ನೂ ಮುಂದಿಡುವುದು ಯಾಸ್ಕಾಚಾರ್ಯರ ಕಾಲದಿಂದ ಬಂದ ಪದ್ಧತಿ. ನಾನೂ ಅದನ್ನೇ ಅನುಸರಿಸಿದ್ದೇನೆ.

ಆದರೆ ವ್ಯುತ್ಪತ್ತಿಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಈ ಪದವನ್ನು ಮಾಡಿದವರು ಯಾರು? ನೋಡುಗರನ್ನು ಕುರಿತ ಪದಗಳು ಇಂಗ್ಲಿಷಿನಲ್ಲಿ ಹಲವಿವೆ. ಸ್ಪೆಕ್ಟೇಟರ್ ಎಂಬುದು ಲ್ಯಾಟಿನ್ ಭಾಷೆಯಿಂದ ಬಂದ ಗೌರವದ ಮಾತು. ಬೈಸ್ಟ್ಯಾಂಡರ್ ಎಂಬುದು ಪಕ್ಕದಲ್ಲಿ ನಿಂತವನೆಂಬಷ್ಟೇ ಅರ್ಥದ ಸಪ್ಪೆಯ ಮಾತು. ಅವು ನೋಡುಗನನ್ನು ದಂಡೆಯ ಮೇಲಿನಿಂದಲೇ ಹೆಸರಿಸಿದ ಮಾತುಗಳು. ಗಾಂಗೂಜ್ಲರ್ ಹಾಗಲ್ಲ. ಅದು ನೀರಿನ ಮೇಲಿನಿಂದ ಬಂದ ಮಾತು. ನೋಡುವವನನ್ನು, ನೋಡಿಸಿಕೊಂಡವನು ತಿರುಗಿ ನೋಡಿ ಇಟ್ಟ ಹೆಸರು. ಅದರಲ್ಲಿರುವ ಕುಟುಕು ಅರ್ಥವಾಗಬೇಕಾದರೆ ಆ ದೋಣಿಗಾರರ ಬಾಳನ್ನು ತಿಳಿಯಬೇಕು.

ಆ ದೋಣಿಗಳು ಎಪ್ಪತ್ತು ಅಡಿಯಷ್ಟು ಉದ್ದ, ಅಗಲ ಮಾತ್ರ ಏಳೇ ಅಡಿ. ಅವುಗಳನ್ನು ದಂಡೆಯ ಮೇಲಿನ ಕುದುರೆ ಹಗ್ಗದಿಂದ ಎಳೆಯುತ್ತಿತ್ತು. ರೈಲುಗಳು ಬಂದ ಮೇಲೆ ಕಾಲುವೆಯ ಬಾಡಿಗೆ ಕುಸಿಯಿತು. ಆಳುಗಳಿಗೆ ಕೂಲಿ ಕೊಡಲಾಗದೆ, ಊರಿನಲ್ಲಿ ಮನೆ ಹಿಡಿಯಲಾಗದೆ ಅನೇಕ ದೋಣಿಗಾರರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಸರಕು ತುಂಬಿ ಉಳಿದ ಜಾಗ, ಎಂದರೆ ಹಿಂಬದಿಯ ಹತ್ತಡಿಗೂ ಮೀರದ ಗೂಡು, ಅಡುಗೆಮನೆಯೂ ಪಡಸಾಲೆಯೂ ಹೆರಿಗೆಯ ಕೋಣೆಯೂ ಆಯಿತು. ಅಂಥ ಗೂಡನ್ನೂ ಆ ಹೆಣ್ಣುಮಕ್ಕಳು ಹಿತ್ತಾಳೆಯನ್ನು ಬೆಳಗಿ, ಕಸೂತಿಯ ಅಂಚು ಕಟ್ಟಿ ಶೃಂಗರಿಸಿದರು. ಬಾಗಿಲುಗಳ ಮೇಲೆ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬರೆಯಿಸಿದರು. ಆದರೆ ಅವರಿಗೆ ಮರೆ ಎಂಬುದಿರಲಿಲ್ಲ. ಉಂಡರೆ ಊರು ನೋಡುತ್ತಿತ್ತು. ಮಗುವನ್ನು ಗದರಿದರೂ ಊರು ನೋಡುತ್ತಿತ್ತು.

ಅದರಲ್ಲಿಯೂ ಲಾಕ್ ಎಂಬ ತೂಬುಕಟ್ಟೆಯ ಬಳಿ ಈ ನೋಟ ತಪ್ಪುತ್ತಿರಲಿಲ್ಲ. ನೆಲ ಏರಿದಲ್ಲಿ ದೋಣಿಯೂ ಏರಬೇಕಷ್ಟೆ. ಅದಕ್ಕಾಗಿ ಕಾಲುವೆಯಲ್ಲಿ ಕಲ್ಲಿನ ಕೋಣೆಯೊಂದನ್ನು ಕಟ್ಟಿ ಎರಡು ತುದಿಗೂ ಕದಗಳನ್ನಿಟ್ಟಿರುತ್ತಾರೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಿ, ಮೇಲಿನ ನೀರನ್ನು ಸಣ್ಣ ತೂಬುಗಳಿಂದ ಬಿಡುತ್ತಾರೆ. ನೀರು ತುಂಬಿದಂತೆ ದೋಣಿ ತಾನೇ ಮೇಲೇಳುತ್ತದೆ. ಎರಡೂ ಕಡೆಯ ನೀರು ಸಮನಾಗುವವರೆಗೆ ಮುಂದಿನ ಕದವನ್ನು ಯಾವ ಬಲದಿಂದಲೂ ತೆರೆಯಲಾಗದು. ಸಮವಾದ ಮೇಲೆ ಕದದ ಮೇಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಸಾಕು. ದೋಣಿ ನಿಲ್ಲುವ ಸ್ಥಳ ಇದು. ಆದುದರಿಂದ ನೋಡುಗರು ಸೇರುವ ಸ್ಥಳವೂ ಇದೇ. ಬರ್ಮಿಂಗ್‌ಹ್ಯಾಮಿನ ಫಾರ್ಮರ್ಸ್ ಬ್ರಿಜ್ ಎಂಬಲ್ಲಿ ಇಂಥ ೧೩ ಕಟ್ಟೆಗಳು ಸಾಲಾಗಿವೆ. ಮಳೆಯಲ್ಲಿ ನೆನೆಯುತ್ತ ಒಬ್ಬ ಹೆಂಗಸು ಹದಿಮೂರನೆಯ ಕದವನ್ನು ತಳ್ಳುತ್ತಿರುವಾಗ, ಕೋಟಿನ ಜೇಬಿನಲ್ಲಿ ಕೈಯಿಟ್ಟು ನೋಡುತ್ತ ನಿಂತವನಿಗೆ ಅವಳು ಗಾಂಗೂಜ್ಲರ್ ಎಂದರೆ ಅದು ಬೈಗುಳವೆಂದು ಯಾರು ಹೇಳಬಲ್ಲರು?

ನಮ್ಮವರಿಗೆ ದೋಣಿಗಾರನ ಖಾರದ ಮಾತು ಹೊಸದಲ್ಲ. ೧೨ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡು, ಡಂಭವನ್ನು ಕಂಡಲ್ಲಿ ಹರಿತವಾಗಿ ನುಡಿದವರು. ಹುಟ್ಟು ಹಾಕುವ ಕೈಗೆ ದಡದಲ್ಲಿ ನಿಂತವರ ಬಣ್ಣ ಬೇಗ ತಿಳಿಯುತ್ತದೆಂದು ತೋರುತ್ತದೆ.

ದಂಡೆಯಲ್ಲಿ ನಿಂತವರೆಲ್ಲ ಒಂದೇ ಬಗೆಯವರಾಗಿರಲಿಲ್ಲ. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬಾತನು ಬಾಲ್ಯದಲ್ಲಿ ಇಟ್ಟಿಗೆಯ ಭಟ್ಟಿಯಲ್ಲಿ ಮಣ್ಣು ಹೊತ್ತು ಬೆಳೆದವನು. ಆ ಭಟ್ಟಿಗಳಲ್ಲಿ ದುಡಿಯುವ ಮಕ್ಕಳ ಪರವಾಗಿ ಹೋರಾಡಿ ೧೮೭೧ರಲ್ಲಿ ಕಾನೂನು ಬರುವಂತೆ ಮಾಡಿದನು. ಅದರ ಮರುವರ್ಷ ತನ್ನ ಉದ್ಯೋಗವನ್ನೇ ಕಳೆದುಕೊಂಡು ಬಡತನಕ್ಕೆ ಬಿದ್ದನು. ಅಷ್ಟಕ್ಕೇ ನಿಲ್ಲದೆ ಕಾಲುವೆಯ ಕಡೆಗೆ ತಿರುಗಿದನು. ದೋಣಿಯ ಮಕ್ಕಳಿಗೆ ಶಾಲೆಯಿಲ್ಲ, ಮಲಗಲು ಸ್ಥಳವಿಲ್ಲ, ಅವರ ಸಂಖ್ಯೆಯೂ ಯಾವ ಲೆಕ್ಕದಲ್ಲಿಲ್ಲವೆಂದು ಬರೆದನು. ಅದರ ಫಲವಾಗಿ ೧೮೭೭ರಲ್ಲಿ ಕಾಲುವೆ ದೋಣಿಗಳ ಕಾಯಿದೆ ಬಂದಿತು. ಅದು ದುರ್ಬಲವೆಂದು ಕಂಡಾಗ ೧೮೮೪ರಲ್ಲಿ ತಿದ್ದುಪಡಿಯಾಯಿತು. ದೋಣಿಗಳ ನೋಂದಣಿ, ಗೂಡಿನಲ್ಲಿ ಎಷ್ಟು ಜನ ಇರಬಹುದೆಂಬ ಮಿತಿ, ತನಿಖೆ, ಮಕ್ಕಳ ಶಿಕ್ಷಣ ಇವೆಲ್ಲ ಆ ಕಾನೂನುಗಳ ವಿಷಯಗಳು. ಆತನ ವರ್ಣನೆಯಲ್ಲಿ ಅತಿಶಯೋಕ್ತಿಯಿದೆಯೆಂದು ದೋಣಿಗಾರರು ನೊಂದುಕೊಂಡುದೂ ಉಂಟು. ನೆರವಿಗೆ ಬರುವವನಿಗೂ ನಾಲಗೆಯ ಮೇಲೆ ಹಿಡಿತವಿರಬೇಕೆಂಬುದು ಅದರ ಪಾಠ. ಆದರೂ ಅವನು ನೋಡಿದ್ದಕ್ಕೂ ಜೇಬಿನಲ್ಲಿ ಕೈಯಿಟ್ಟವನು ನೋಡಿದ್ದಕ್ಕೂ ಅಜಗಜಾಂತರವಿದೆ.

ಪದಕ್ಕೂ ಮನುಷ್ಯನಂತೆ ಪೂರ್ವಾಶ್ರಮ ಉತ್ತರಾಶ್ರಮಗಳುಂಟು. ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕನು ಕಾಲುವೆಗಳಲ್ಲಿ ದೋಣಿಯ ಮೇಲೆಯೇ ವಾಸಿಸುತ್ತ ಸಂಚರಿಸಿ ಬರೆದ 'ನ್ಯಾರೋ ಬೋಟ್' ಎಂಬ ಪುಸ್ತಕ ೧೯೪೪ರಲ್ಲಿ ಪ್ರಕಟವಾಯಿತು. ದೋಣಿಗಾರರ ಈ ಮಾತು ಹೊರಗಿನವರ ಕಿವಿಗೆ ಬಿದ್ದುದು ಬಹುಮಟ್ಟಿಗೆ ಅದರಿಂದ. ೧೯೪೬ರಲ್ಲಿ ರೋಲ್ಟನೂ ರಾಬರ್ಟ್ ಐಕ್‌ಮನ್ ಎಂಬಾತನೂ ಇತರರೊಡನೆ ಸೇರಿ ಒಳನಾಡಿನ ಜಲಮಾರ್ಗಗಳ ರಕ್ಷಣೆಗಾಗಿ ಸಂಘವನ್ನು ಕಟ್ಟಿದರು. ೧೯೬೨-೬೩ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತಾಗ ಸರಕಿನ ದೋಣಿಗಳ ಬಾಳು ಹೆಚ್ಚುಕಡಿಮೆ ಮುಗಿದೇಹೋಯಿತು. ಹಲವು ಕಾಲುವೆಗಳಲ್ಲಿ ಹೂಳು ತುಂಬಿತು, ಕದಗಳು ಕೊಳೆತವು. ಆಗ ಅವುಗಳನ್ನು ಉಳಿಸಲು ಕೆಸರಿಗೆ ಇಳಿದವರು ಯಾರು? ಒಂದು ಕಾಲಕ್ಕೆ ದಂಡೆಯ ಮೇಲೆ ನಿಂತು ನೋಡುತ್ತಿದ್ದವರೇ, ಅಥವಾ ಅವರ ಮಕ್ಕಳು. ರಜೆಯ ದಿನಗಳಲ್ಲಿ ಗುದ್ದಲಿ ಹಿಡಿದು ಹೂಳೆತ್ತಿದರು, ಚಂದಾ ಎತ್ತಿದರು. ಕೆನೆಟ್ ಮತ್ತು ಏವನ್ ಎಂಬ ಕಾಲುವೆ ಹೀಗೆ ದಶಕಗಳ ದುಡಿಮೆಯಿಂದ ಎದ್ದು ನಿಂತು ೧೯೯೦ರಲ್ಲಿ ರಾಣಿ ಎಲಿಜಬೆತ್ತಳಿಂದ ಮತ್ತೆ ತೆರೆಯಲ್ಪಟ್ಟಿತು. ಅದರ ಕೇನ್ ಹಿಲ್ ಎಂಬ ಏರಿನಲ್ಲಿ ಸಾಲಾಗಿ ೨೯ ಕಟ್ಟೆಗಳಿವೆ. ಇಂದು ಆ ದೇಶದವರು ತಮ್ಮನ್ನು ತಾವೇ ಗಾಂಗೂಜ್ಲರ್ ಎಂದು ಕರೆದುಕೊಂಡು ನಗುತ್ತಾರೆ. ಬೈಗುಳವಾಗಿದ್ದುದು ಸಲುಗೆಯ ಮಾತಾಯಿತು. ನಿಮ್ಮ ಮಗ ನಕ್ಕದ್ದು ಆ ನಗೆಯನ್ನೇ.

ಈಗ ನಮ್ಮ ಮನೆಯ ಶಬ್ದಗಳತ್ತ ಕಣ್ಣು ಹಾಯಿಸೋಣ. ಗಾಂಗೂಜ್ಲರ್ ಎಂಬುದಕ್ಕೆ ಅಕ್ಷರಶಃ ಸಮನಾದ ಮಾತೊಂದು ನಮ್ಮಲ್ಲಿ ಬಹುಕಾಲದಿಂದ ಇದೆ, ಅದು ತಟಸ್ಥ. ತಟವೆಂದರೆ ದಡ, ದಂಡೆ. ಅಲ್ಲಿ ನಿಂತವನು ತಟಸ್ಥ. ನೀರಿಗಿಳಿಯದೆ ದಡದಲ್ಲಿಯೇ ನಿಂತವನೆಂಬ ಚಿತ್ರದಿಂದ ಯಾವ ಪಕ್ಷಕ್ಕೂ ಸೇರದವನೆಂಬ ಅರ್ಥ ಬಂದಿದೆ. ಇಂಗ್ಲೆಂಡಿನ ದೋಣಿಗಾರನು ಕೊಂಕಾಗಿ ಆಡಿದ ಮಾತನ್ನೇ ನಾವು ಗುಣವೆಂದು ಭಾವಿಸಿ ಬಳಸುತ್ತೇವೆ. ಉಪೇಕ್ಷೆ ಎಂಬುದು ಇನ್ನೂ ಎಚ್ಚರಿಕೆಯ ಮಾತು. ಈಕ್ಷ್ ಎಂಬ ಧಾತುವಿಗೆ ನೋಡುವುದೆಂದು ಅರ್ಥ. ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಪ್ರೇಕ್ಷಕ ಎಲ್ಲವೂ ಅದರ ಮಕ್ಕಳು. ಉಪ ಎಂದರೆ ಸಮೀಪ. ಹಾಗಾದರೆ ಉಪೇಕ್ಷೆ ಎಂದರೆ ಹತ್ತಿರದಲ್ಲಿದ್ದು ನೋಡುವುದು. ಹತ್ತಿರದಲ್ಲಿದ್ದು ಸುಮ್ಮನೆ ನೋಡುವುದೇ ಅಲಕ್ಷ್ಯವೆಂಬ ಅರ್ಥಕ್ಕೆ ತಿರುಗಿತು. ಕಣ್ಣು ಮುಚ್ಚಿಕೊಂಡವನಿಗೆ ಕಾಣಲಿಲ್ಲವೆಂಬ ನೆಪವಾದರೂ ಇದೆ; ಕಂಡೂ ನಿಂತವನ ನೋಟಕ್ಕೇ ಭಾಷೆ ಉಪೇಕ್ಷೆ ಎಂದು ಹೆಸರಿಟ್ಟಿತು.

ತಾಟಸ್ಥ್ಯವನ್ನೂ ಸಾಕ್ಷಿಭಾವವನ್ನೂ ಶಾಸ್ತ್ರಗಳೇ ಹೊಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಹೊಗಳಿರುವುದು ನಿಜ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲಿನ ಎರಡು ಹಕ್ಕಿಗಳ ದೃಷ್ಟಾಂತವಿದೆ. ಒಂದು ಹಣ್ಣನ್ನು ತಿನ್ನುತ್ತದೆ, ಮತ್ತೊಂದು ತಿನ್ನದೆ ನೋಡುತ್ತದೆ. ಆದರೆ ಆ ನೋಟ ತನ್ನ ಸ್ವಂತ ಸುಖದುಃಖಗಳ ಮೇಲಿನದು. ನನ್ನ ನಷ್ಟಕ್ಕೆ, ನನ್ನ ಅವಮಾನಕ್ಕೆ ನಾನು ತಟಸ್ಥನಾಗಬೇಕೆಂಬುದು ಸಾಧನೆ. ಪರರ ನೋವಿಗೆ ತಟಸ್ಥನಾಗಬೇಕೆಂದು ಯಾವ ಋಷಿಯೂ ಯಾವ ಶರಣನೂ ಹೇಳಿಲ್ಲ. ಪತಂಜಲಿಗಳು ಚಿತ್ತಪ್ರಸಾದಕ್ಕಾಗಿ ನಾಲ್ಕು ಭಾವಗಳನ್ನು ವಿಧಿಸಿದ್ದಾರೆ. ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ, ಪಾಪಿಗಳಲ್ಲಿ ಮಾತ್ರ ಉಪೇಕ್ಷೆ. ನಾವು ಈ ವಿಧಿಯನ್ನು ತಲೆಕೆಳಗಾಗಿಸಿದ್ದೇವೆ. ಪಾಪಿಯ ನಡತೆಯ ಚರ್ಚೆಯಲ್ಲಿ ನಮಗೆ ಬಿಡುವಿಲ್ಲದ ಆಸಕ್ತಿ. ದುಃಖಿಯ ಎದುರಿನಲ್ಲಿ ನಿರ್ಲಿಪ್ತ ಯೋಗಿಗಳು!

ಪರರಿಗೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಊರಿನಲ್ಲಿ ಉಪನ್ಯಾಸಕ್ಕೆಂದು ಹೊರಟು ಬಸ್ ನಿಲ್ದಾಣದಲ್ಲಿದ್ದೆ. ವೃದ್ಧೆಯೊಬ್ಬಳು ಬಸ್ಸಿನಿಂದ ಇಳಿಯುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಕ್ಷಣದಲ್ಲಿ ಜನ ಸುತ್ತುಗಟ್ಟಿದರು. ನಾನೂ ಆ ಸುತ್ತಿನಲ್ಲಿ ಒಬ್ಬನಾದೆ. ಪೊಲೀಸರು, ಕಚೇರಿ, ಸಾಕ್ಷಿ ಎಂಬ ಭಯ ಒಂದು ಕಡೆ. ನನ್ನ ಬಸ್ಸು ಹೊರಟುಬಿಟ್ಟೀತೆಂಬ ಚಿಂತೆ ಇನ್ನೊಂದು ಕಡೆ. ಬಾಳೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಬುಟ್ಟಿಯನ್ನು ನೆಲಕ್ಕಿಟ್ಟು ಜನರನ್ನು ಸೀಳಿಕೊಂಡು ಬಂದಳು. ಆ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟು, ಸೆರಗಿನಿಂದ ಗಾಯವನ್ನು ಒತ್ತಿ ಹಿಡಿದು, ಸುತ್ತ ನಿಂತವರನ್ನು ನೋಡಿ "ಒಂದು ಆಟೋ ಕರೀರಿ, ಏನು ನೋಡ್ತೀರಿ" ಎಂದಳು. ಆ ಮಾತು ಎಲ್ಲರಿಗೂ ಹೇಳಿದ್ದು. ನನಗೆ ಮಾತ್ರ ನನ್ನೊಬ್ಬನಿಗೇ ಹೇಳಿದಂತೆ ಕೇಳಿಸಿತು. ಆಟೋ ಕರೆತಂದವನು ನಾನಲ್ಲ, ಒಬ್ಬ ಹುಡುಗ. ನನಗೆ ಬಸ್ಸು ಸಿಕ್ಕಿತು. ಅಂದಿನ ಉಪನ್ಯಾಸದಲ್ಲಿ ನಾನು ಏನು ಹೇಳಿದೆನೋ ನೆನಪಿಲ್ಲ. ಗಾಂಗೂಜ್ಲರ್ ಎಂಬ ಪದ ನನಗೆ ಆಗ ಗೊತ್ತಿರಲಿಲ್ಲ. ಅದರ ಅರ್ಥ ಮಾತ್ರ ಅಂದೇ ತಿಳಿಯಿತು.

ಅಂದಿನ ನನ್ನ ಭಯಕ್ಕೆ ಈಗ ಆಧಾರವಿಲ್ಲ ಎಂಬುದನ್ನು ಮನೆಮನೆಯಲ್ಲಿಯೂ ತಿಳಿದಿರಬೇಕು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ಕಾನೂನಿನ ಬಲ ಕೊಟ್ಟಿತು. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ ೧೩೪ಎ ಕಲಮು ಅದನ್ನು ಇನ್ನಷ್ಟು ದೃಢಪಡಿಸಿತು; ೨೦೨೦ರಲ್ಲಿ ನಿಯಮಗಳೂ ಬಂದವು. ಸದ್ಭಾವದಿಂದ ನೆರವಾದವನು ಹೆಸರು ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ. ತಾನಾಗಿ ಒಪ್ಪಿದ ಹೊರತು ಸಾಕ್ಷಿಯಾಗಬೇಕಾಗಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಹಣಕ್ಕಾಗಿ ತಡೆದು ನಿಲ್ಲಿಸುವಂತಿಲ್ಲ. ಇಷ್ಟಾದರೂ ಇಂದಿನ ಸುತ್ತುಗಟ್ಟಿದ ಜನರ ಕೈ ಜೇಬಿನಲ್ಲಿಲ್ಲ, ಮೊಬೈಲಿನ ಮೇಲಿದೆ. ಬಿದ್ದವನ ಚಿತ್ರವನ್ನು ಹಿಡಿಯುವ ಕೈಯೇ ಬಿದ್ದವನನ್ನೂ ಹಿಡಿಯಬಲ್ಲುದು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕೆಲಸ.

ಲಿಂಗಪೂಜಕರಾದ ನಮಗೆ ನೋಟದ ಪಾಠ ದಿನವೂ ಆಗುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡುವ ನಮ್ಮ ಪದ್ಧತಿಯಲ್ಲಿ ನೋಡುವವನಿಗೂ ನೋಡಲ್ಪಡುವುದಕ್ಕೂ ನಡುವೆ ದಂಡೆಯಿಲ್ಲ. ಅಂಗೈಯ ಅಂತರವಷ್ಟೇ ಇದೆ. ಆ ನೋಟ ಮುಗಿಯಬೇಕಾದುದು ಸಾಮರಸ್ಯದಲ್ಲಿ. ಪೂಜೆಯಲ್ಲಿ ಹಾಗೆ ನೋಡಲು ಕಲಿತ ಕಣ್ಣು ಬೀದಿಗೆ ಬಂದಾಗ ತಟಸ್ಥವಾಗಿ ನಿಂತರೆ, ಕಾಯಕವೂ ದಾಸೋಹವೂ ಬಾಯಿಮಾತಾಗಿ ಉಳಿಯುತ್ತವೆ.

ತಾಯಿ, ನಿಮ್ಮ ಮಗನಿಗೆ ಹೀಗೆ ಬರೆಯಿರಿ. ಭಾನುವಾರಗಳಂದು ಕಾಲುವೆಯನ್ನು ನೋಡಲಿ. ನೀರೂ ದೋಣಿಯೂ ಹಳೆಯ ಕಲ್ಲುಗಳೂ ನೋಡತಕ್ಕವೇ ಆಗಿವೆ. ದೋಣಿಯ ಮೇಲೆ ಇಂದಿಗೂ ಮನೆ ಮಾಡಿಕೊಂಡು ಬಾಳುವವರಿದ್ದಾರೆ. ಅವರ ಕಿಟಕಿಯೊಳಗೆ ಇಣುಕದಿರಲಿ. ಕಟ್ಟೆಯ ಬಳಿ ವಯಸ್ಸಾದವರು ಕದವನ್ನು ತಳ್ಳುತ್ತಿರುವುದು ಕಂಡರೆ ಹತ್ತಿರ ಹೋಗಿ, "ಕೈ ಹಚ್ಚಲೇ?" ಎಂದು ವಿನಯದಿಂದ ಕೇಳಲಿ. ಅವರು ಹೂಂ ಎಂದರೆ ತೊಲೆಗೆ ಬೆನ್ನು ಕೊಡಲಿ. ನೀರು ಸಮವಾದ ಹೊತ್ತಿಗೆ ಕದ ತೆರೆಯಲು ಬೇಕಾಗುವುದು ಸ್ವಲ್ಪವೇ ಬಲ.